ಡೇಟಾನಿಂದ ಪಾರ್ವತಿಯವರೆಗೆ: ಸೈನ್ಸ್ ಫಿಕ್ಷನ್ ಫ್ರಾಂಚೈಸ್‌ಗಳಲ್ಲಿ ಅಲೈಂಗಿಕ ಪಾತ್ರಗಳು

'ಅಲೈಂಗಿಕ' ಅನ್ನೋ ಪದ ಕೇಳಿದ ಕೂಡಲೇ ನಿಮಗೆ ಏನು ನೆನಪಾಗುತ್ತದೆ? ಬಹಳಷ್ಟು ಜನಕ್ಕೆ ಜೀವಶಾಸ್ತ್ರದ ಪಾಠ. ಅಮೀಬಾ ಎರಡಾಗಿ ಸೀಳುವುದು, ಹೈಡ್ರಾದ ಮೈಮೇಲೆ ಮೊಗ್ಗು ಮೂಡುವುದು. ಅಲೈಂಗಿಕ ಸಂತಾನೋತ್ಪತ್ತಿ. ನನಗೂ ಆ ಪದ ಮೊದಲು ಸಿಕ್ಕಿದ್ದು ಅದೇ ಪುಟದಲ್ಲಿ. ಅದು ಮನುಷ್ಯರ ಬಗ್ಗೆಯೂ ಇರುವ ಪದ, ನನ್ನ ಬಗ್ಗೆಯೂ ಇರುವ ಪದ ಅಂತ ಗೊತ್ತಾಗೋಕೆ ಆಮೇಲೆ ಎಷ್ಟೋ ವರ್ಷ ಬೇಕಾಯಿತು. ಈ ಅಮೀಬಾವನ್ನು ಸ್ವಲ್ಪ ಹೊತ್ತು ತಲೆಯಲ್ಲಿ ಇಟ್ಟುಕೊಳ್ಳಿ. ಸೈನ್ಸ್ ಫಿಕ್ಷನ್ ನಮ್ಮನ್ನು ಬಹಳ ಕಾಲ ಹೆಚ್ಚುಕಮ್ಮಿ ಅದೇ ಸಾಲಿನಲ್ಲಿ ಕೂರಿಸಿತ್ತು.

ಮೊದಲು ಅರ್ಥ ಹೇಳಿಬಿಡುತ್ತೇನೆ. ಅಲೈಂಗಿಕರು, ಅಂದರೆ ಏಸೆಕ್ಷುಯಲ್, ಚಿಕ್ಕದಾಗಿ ಏಸ್: ಯಾರ ಮೇಲೂ ಲೈಂಗಿಕ ಆಕರ್ಷಣೆ ಹುಟ್ಟದವರು, ಅಥವಾ ತೀರಾ ಅಪರೂಪಕ್ಕೆ ಹುಟ್ಟುವವರು. ಪ್ರೀತಿ ಬೇರೆ ವಿಷಯ. ಏಸ್ ಆದವರು ಪ್ರೀತಿಯಲ್ಲಿ ಬೀಳಬಹುದು, ಜೊತೆಗೆ ಬಾಳಬಹುದು. ಪ್ರಣಯದ ಸೆಳೆತವೂ ಇಲ್ಲದವರಿಗೆ ಏರೋಮ್ಯಾಂಟಿಕ್ ಅಂತಾರೆ. ಕೆಲವರು ಎರಡೂ ಹೌದು, ಕೆಲವರು ಒಂದು ಮಾತ್ರ. 2004ರಲ್ಲಿ ಆಂಟನಿ ಬೋಗರ್ಟ್ ಅನ್ನುವ ಸಂಶೋಧಕರು ಬ್ರಿಟನ್ನಿನ 18,000ಕ್ಕೂ ಹೆಚ್ಚು ಜನರ ಸಮೀಕ್ಷೆಯ ಉತ್ತರಗಳನ್ನು ನೋಡಿದಾಗ ನೂರಕ್ಕೆ ಒಬ್ಬರಷ್ಟು ಜನ 'ನನಗೆ ಯಾರ ಮೇಲೂ ಆಕರ್ಷಣೆ ಆಗಿಲ್ಲ' ಅಂದಿದ್ದರು. ನೂರಕ್ಕೆ ಒಬ್ಬರು ಅಂದರೆ ಕಡಿಮೆಯೇನಲ್ಲ. ಒಂದು ದೊಡ್ಡ ಅಂತರಿಕ್ಷ ನೌಕೆಯಲ್ಲಿ ಸಾವಿರ ಜನ ಇದ್ದರೆ ಹತ್ತು ಜನ ನಮ್ಮವರು ಇರಬೇಕು. ಆ ಹತ್ತು ಜನ ಎಲ್ಲಿ? ಈ ಪ್ರಶ್ನೆ ಇಟ್ಟುಕೊಂಡೇ ನಾನು ಇಷ್ಟು ವರ್ಷ ಈ ಕಥೆಗಳನ್ನು ನೋಡಿದ್ದು, ಓದಿದ್ದು.

ನನಗೆ ಮೊದಲು ಸಿಕ್ಕಿದವನು ಡೇಟಾ. 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್' ಅನ್ನೋ ಟಿವಿ ಸರಣಿ, 1987ರಲ್ಲಿ ಶುರುವಾದದ್ದು. ಡೇಟಾ ಯಂತ್ರಮಾನವ. ಮನುಷ್ಯನಾಗಬೇಕು ಅನ್ನೋದು ಅವನ ಆಸೆ. 1991ರಲ್ಲಿ 'ಇನ್ ಥಿಯರಿ' ಅಂತ ಒಂದು ಕಂತು ಬಂತು, ನೌಕೆಯ ಕ್ಯಾಪ್ಟನ್ ಪಿಕಾರ್ಡ್ ಪಾತ್ರ ಮಾಡಿದ ಪ್ಯಾಟ್ರಿಕ್ ಸ್ಟೀವರ್ಟ್ ಅವರೇ ನಿರ್ದೇಶಿಸಿದ್ದು. ಅದರಲ್ಲಿ ಜೆನ್ನಾ ಅನ್ನೋ ಸಹೋದ್ಯೋಗಿಗೆ ಡೇಟಾ ಇಷ್ಟವಾಗುತ್ತಾನೆ. ಇವನು ಪ್ರೇಮಿಯಾಗೋಕೆ ಒಂದು ಪ್ರೋಗ್ರಾಂ ಬರೆದುಕೊಳ್ಳುತ್ತಾನೆ. ಒಂದು ಸಲ ಮುತ್ತು ಕೊಟ್ಟ ಮೇಲೆ ಅವಳು 'ಈಗ ಏನು ಯೋಚನೆ ಮಾಡ್ತಿದ್ದೆ' ಅಂತ ಕೇಳುತ್ತಾಳೆ. ಅವನು ಇದ್ದದ್ದು ಇದ್ದ ಹಾಗೆ ಹೇಳುತ್ತಾನೆ: ನೌಕೆಯ ಎಂಜಿನ್ ಲೆಕ್ಕ, ಡಿಕನ್ಸ್‌ನ ಕೃತಿಗಳು, ಬೆಕ್ಕಿಗೆ ಹೊಸ ಆಹಾರ, ಜೊತೆಗೆ ಅವಳ ತುಟಿಗೆ ಎಷ್ಟು ಒತ್ತಡ ಹಾಕಿದರೆ ನೋವಾಗಲ್ಲ ಅನ್ನೋದು. ಕೊನೆಗೆ ಅವಳೇ ಸಂಬಂಧ ಮುರಿಯುತ್ತಾಳೆ. ಹಾಗಾದರೆ ಆ ಪ್ರೋಗ್ರಾಂ ಅಳಿಸಿಬಿಡುತ್ತೇನೆ ಅನ್ನುತ್ತಾನೆ ಇವನು. ಅವಳು ಹೋಗುತ್ತಾಳೆ, ಇವನು ಮೇಣದ ಬತ್ತಿ ಆರಿಸಿ ಬೆಕ್ಕನ್ನು ತೊಡೆ ಮೇಲೆ ಕೂರಿಸಿಕೊಳ್ಳುತ್ತಾನೆ.

ಎಲ್ಲರೂ ಅದನ್ನು ದುಃಖದ ಕೊನೆ ಅಂತಾರೆ. ಪಾಪ, ಪ್ರೀತಿಸೋಕೆ ಆಗಲಿಲ್ಲ ಅಂತ. ನಾನು ಹದಿಹರೆಯದಲ್ಲಿ ಅದನ್ನು ನೋಡಿದಾಗ ನನಗೆ ದುಃಖ ಆಗಲೇ ಇಲ್ಲ. ಅವನು ಮನೆಗೆ ಬಂದ ಹಾಗೆ ಕಂಡ. ನನ್ನ ಸ್ನೇಹಿತರೆಲ್ಲ ಯಾರ ಯಾರ ಬಗ್ಗೆಯೋ ಮಾತಾಡುವಾಗ ನಾನೂ ಒಂದು ಹೆಸರು ಆರಿಸಿಕೊಂಡು ಹೇಳುತ್ತಿದ್ದೆ, ಹೇಳದೇ ಇದ್ದರೆ ಪ್ರಶ್ನೆ ನಿಲ್ಲೋದಿಲ್ಲವಲ್ಲ. ಅವರು ಏನು ಹೇಳುತ್ತಾರೋ ಕೇಳಿಸಿಕೊಂಡು ಅದರ ಪ್ರಕಾರ ನನ್ನ ಮಾತು ಜೋಡಿಸುತ್ತಿದ್ದೆ. ಅದೂ ಒಂದು ಪ್ರೋಗ್ರಾಂ ತಾನೇ. ಅಳಿಸಿಬಿಟ್ಟರೂ ಏನೂ ಆಗಲ್ಲ ಅಂತ ಆ ಬೆಕ್ಕಿನ ದೃಶ್ಯ ನನಗೆ ಹೇಳಿತು. ಬರೆದವರ ಮನಸ್ಸಿನಲ್ಲಿ ಅದು ಇರಲಿಲ್ಲ ಅಂತ ನನಗೂ ಗೊತ್ತು. ಆದರೂ ಆ ವಯಸ್ಸಿನಲ್ಲಿ ನನಗೆ ಸಿಕ್ಕಿದ್ದು ಅಷ್ಟೇ, ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಈಗ ಅದೇ ಸರಣಿಯ ಇನ್ನೊಂದು ಕಂತು ನೋಡಿ. 1989ರ 'ದಿ ಮೆಷರ್ ಆಫ್ ಎ ಮ್ಯಾನ್'. ತುಂಬಾ ಜನರ ಅಚ್ಚುಮೆಚ್ಚಿನ ಕಂತು, ನನಗೂ ಅಷ್ಟೇ ಇಷ್ಟ. ಡೇಟಾನನ್ನು ಬಿಚ್ಚಿ ನೋಡಬೇಕು ಅಂತ ಒಬ್ಬ ವಿಜ್ಞಾನಿ ಬರುತ್ತಾನೆ. ಇವನು ವಸ್ತುವೋ ವ್ಯಕ್ತಿಯೋ ಅಂತ ವಿಚಾರಣೆ ನಡೆಯುತ್ತದೆ. ಪಿಕಾರ್ಡ್ ಡೇಟಾನ ಪರ ವಾದ ಮಾಡುತ್ತಾರೆ. ಅವನ ಪೆಟ್ಟಿಗೆ ತೆಗೆದು ಒಂದೊಂದೇ ಸಾಮಾನು ತೋರಿಸುತ್ತಾರೆ: ಪದಕಗಳು, ಒಂದು ಪುಸ್ತಕ, ಸತ್ತುಹೋದ ಸಹೋದ್ಯೋಗಿ ಟಾಶಾ ಯಾರ್‌ಳ ಪುಟ್ಟ ಚಿತ್ರ. ಇದನ್ನು ಯಾಕೆ ಇಟ್ಟುಕೊಂಡಿದ್ದೀಯ ಅಂತ ಕೇಳಿದರೆ ಡೇಟಾ ಹಿಂಜರಿಯುತ್ತಾನೆ, ಆಮೇಲೆ ತಾನೂ ಅವಳೂ ದೈಹಿಕವಾಗಿ ಹತ್ತಿರವಾಗಿದ್ದೆವು ಅಂತ ಒಪ್ಪಿಕೊಳ್ಳುತ್ತಾನೆ. ತೀರ್ಪು ಕೊಡಬೇಕಾದವಳು ಬೆರಗಾಗಿ ನೋಡುತ್ತಾಳೆ.

ನ್ಯಾಯವಾಗಿ ಹೇಳಬೇಕು ಅಂದರೆ ತೀರ್ಪು ನಿಂತದ್ದು ಆ ಮಾತಿನ ಮೇಲಲ್ಲ. ಬುದ್ಧಿ, ಸ್ವಂತ ಅರಿವು, ಗುಲಾಮಗಿರಿ, ಇವೇ ಅಲ್ಲಿಯ ದೊಡ್ಡ ವಾದ. ಆದರೂ ಯೋಚನೆ ಮಾಡಿ, ಆ ಪೆಟ್ಟಿಗೆಯಲ್ಲಿ ಇದ್ದ ಸಾಕ್ಷಿಗಳಲ್ಲಿ ಎಲ್ಲರನ್ನೂ ಥಟ್ಟನೆ ತಟ್ಟಿದ್ದು ಯಾವುದು? ಪದಕ ಅಲ್ಲ, ಪುಸ್ತಕ ಅಲ್ಲ. ಒಬ್ಬ ಹೆಂಗಸಿನ ಜೊತೆ ಮಲಗಿದ್ದ ಅನ್ನೋದು. ಅಂದರೆ ಯಂತ್ರ ಮನುಷ್ಯನಾಗಿದೆ ಅಂತ ನಂಬಿಸೋಕೆ ಅದೊಂದು ಸರ್ಟಿಫಿಕೇಟ್ ಇದ್ದ ಹಾಗೆ. ಹಾಗಾದರೆ ಆ ಸರ್ಟಿಫಿಕೇಟ್ ಇಲ್ಲದ ಮನುಷ್ಯರು? ನಾನು ಇವತ್ತು ಹೇಳೋಕೆ ಬಂದಿದ್ದು ಇಷ್ಟೇ. ಈ ಕಥೆಗಳು ನಮ್ಮ ಸ್ವಭಾವವನ್ನು ಯಂತ್ರಕ್ಕೂ ಅನ್ಯಗ್ರಹದವರಿಗೂ ಕೊಟ್ಟವು, ಆಮೇಲೆ ಅವರು ಮನುಷ್ಯರಾಗುವ ದಾರಿಯಲ್ಲಿ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಅದೇ ಅಂತ ಮಾಡಿದವು.

ಇದು ಒಂದು ಪಾತ್ರದ ಕಥೆ ಆಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. 'ಸ್ಟಾರ್ ಟ್ರೆಕ್'ನದೇ ಇನ್ನೊಂದು ಸರಣಿ 'ವಾಯೇಜರ್'ನ ಸೆವೆನ್ ಆಫ್ ನೈನ್ ತಗೊಳ್ಳಿ. ಎಲ್ಲರೂ ಒಂದೇ ಮನಸ್ಸಾಗಿ ಬದುಕುವ ಬಾರ್ಗ್ ಅನ್ನುವ ಅರೆಯಂತ್ರ ಜೀವಿಗಳ ಸಮೂಹದಿಂದ ಬಿಡಿಸಿಕೊಂಡು ಬಂದವಳು, ಒಬ್ಬ ವ್ಯಕ್ತಿಯಾಗಿ ಬದುಕೋದನ್ನು ಮೊದಲಿನಿಂದ ಕಲಿಯಬೇಕು. ಎಷ್ಟು ಕಲಿಯೋದಿದೆ ಅವಳಿಗೆ! ಒಂಟಿತನ, ತಪ್ಪಿನ ಭಾರ, ಸ್ನೇಹ, ಮಕ್ಕಳನ್ನು ನೋಡಿಕೊಳ್ಳೋದು. ಅದೆಲ್ಲ ಕಥೆಯಲ್ಲಿ ಇದೆ ಕೂಡ, ಚೆನ್ನಾಗಿದೆ. ಆದರೆ 1999ರ ಒಂದು ಕಂತಿನಲ್ಲಿ ನೌಕೆಯ ವೈದ್ಯ ಅವಳಿಗೆ ಡೇಟಿಂಗ್ ಪಾಠ ಮಾಡುತ್ತಾನೆ, 2001ರಲ್ಲಿ ಸರಣಿ ಮುಗಿಯುವ ಹೊತ್ತಿಗೆ ಅವಳಿಗೆ ಜೋಡಿ ಹುಡುಕಿ ಆಗಿರುತ್ತದೆ. ಒಬ್ಬ ಹೆಂಗಸು 'ನನಗೆ ಇದರಲ್ಲಿ ಆಸಕ್ತಿ ಇಲ್ಲ' ಅಂದರೆ ಅದು ಬಾರ್ಗ್ ಬಿಟ್ಟುಹೋದ ಗಾಯ, ವಾಸಿ ಮಾಡಬೇಕು. ಈ 'ವಾಸಿ ಮಾಡೋದು' ಅನ್ನೋದು ಕಥೆಯ ಒಳಗೆ ಮಾತ್ರ ಇರೋದಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್ಎಂ-5, ತಾನು ಅಲೈಂಗಿಕ ಅಂತ ಗುರುತಿಸಿಕೊಂಡವರಿಗೆ ಆಸಕ್ತಿ ಇಲ್ಲ ಅನ್ನೋ ಕಾರಣಕ್ಕೇ ಕಾಯಿಲೆಯ ಹೆಸರು ಕೊಡಬಾರದು ಅಂತ ಬರೆದಿದ್ದು 2013ರಲ್ಲಿ. ಮೊನ್ನೆ ಮೊನ್ನೆ.

ಮೊದಲ 'ಸ್ಟಾರ್ ಟ್ರೆಕ್' ಸರಣಿಯ ಸ್ಪಾಕ್, ಭಾವನೆ ತೋರಿಸದ ಆ ವಲ್ಕನ್, ಅವನ ಬಗ್ಗೆ ಯಾಕೆ ಹೇಳಲಿಲ್ಲ ಅಂತ ನೀವು ಕೇಳಬಹುದು. ಸ್ಪಾಕ್‌ನನ್ನು ನಮ್ಮವನು ಅಂದುಕೊಂಡವರು ಬಹಳ ಜನ ಇದ್ದಾರೆ. ಆದರೆ 1967ರ 'ಅಮೋಕ್ ಟೈಮ್' ಕಂತಿನಲ್ಲೇ ಆ ಬಾಗಿಲು ಮುಚ್ಚಿತು. ವಲ್ಕನ್ ಜನರಿಗೆ ಏಳು ವರ್ಷಕ್ಕೊಮ್ಮೆ ಕಾಮದ ಹುಚ್ಚು ಏರುತ್ತದೆ, ತೀರದಿದ್ದರೆ ಸಾಯಲೂಬಹುದು. ಅಂದರೆ ಒಳಗೆ ಎಲ್ಲ ಇದೆ, ಅದುಮಿ ಇಟ್ಟಿದ್ದಾರೆ. 2009ರ 'ಸ್ಟಾರ್ ಟ್ರೆಕ್' ಸಿನಿಮಾದಲ್ಲಂತೂ ಸ್ಪಾಕ್‌ಗೆ ಸಹೋದ್ಯೋಗಿ ಉಹುರಾ ಜೊತೆಯಾದಳು.

ಈ ಅದುಮಿಡುವ ವಿಷಯದ ಹತ್ತಿರ ಸ್ವಲ್ಪ ನಿಲ್ಲೋಣ, ಯಾಕೆಂದರೆ ಜನ ಜಾಸ್ತಿ ಎಡವೋದು ಇಲ್ಲೇ. ನಮ್ಮ ಭಾಷೆಯಲ್ಲಿ ಬ್ರಹ್ಮಚರ್ಯ ಅನ್ನೋ ಪದ ಇದೆ. ಅದು ವ್ರತ. ಆಸೆ ಇರುತ್ತದೆ, ಬೇಡ ಅಂತ ತಡೆಯುತ್ತೀರಿ. ಅಲೈಂಗಿಕತೆಯಲ್ಲಿ ತಡೆಯೋಕೆ ಏನೂ ಇಲ್ಲ. ಉಪವಾಸ ಇರೋದಕ್ಕೂ ಹಸಿವೇ ಆಗದೇ ಇರೋದಕ್ಕೂ ಇರುವ ವ್ಯತ್ಯಾಸ. 'ಸ್ಟಾರ್ ವಾರ್ಸ್'ನ ಜೆಡೈ ಅನ್ನೋ ಯೋಧರಿಗೆ ಮೋಹ ಕಟ್ಟಿಕೊಳ್ಳಬಾರದು ಅನ್ನೋ ನಿಯಮ ಇದೆ, ಆ ನಿಯಮ ಮುರಿದೇ ಅನಾಕಿನ್ ಕಥೆ ಹುಟ್ಟುತ್ತದೆ. ನಿಯಮ ಇದ್ದರೆ ಮುರಿಯೋಕೆ ಕಥೆ ಇರುತ್ತದೆ, ಕಥೆಗಾರರಿಗೆ ಅದು ಇಷ್ಟ. 'ಷರ್ಲಾಕ್' ಟಿವಿ ಸರಣಿ ಬರೆದ ಸ್ಟೀವನ್ ಮೊಫಾಟ್ 2012ರಲ್ಲಿ ತಮ್ಮ ಷರ್ಲಾಕ್ ಹೋಮ್ಸ್ ಬಗ್ಗೆ ಇದನ್ನೇ ಬಾಯಿಬಿಟ್ಟು ಹೇಳಿದ್ದರು: ಅವನದು ಸನ್ಯಾಸಿಯ ಆಯ್ಕೆ, ಅಲೈಂಗಿಕ ಆಗಿದ್ದರೆ ಅದರಲ್ಲಿ ಬಿಗುವೂ ಇರೋದಿಲ್ಲ, ಮಜಾನೂ ಇರೋದಿಲ್ಲ ಅನ್ನೋ ಅರ್ಥದಲ್ಲಿ. ಆ ಹೊತ್ತಿಗೆ 'ಡಾಕ್ಟರ್ ಹೂ' ಅನ್ನೋ ಬ್ರಿಟಿಷ್ ಟಿವಿ ಸರಣಿ ನಡೆಸುತ್ತಿದ್ದವರೂ ಅವರೇ. ನನಗೆ ಆ ಮಾತು ಓದಿ ನಿಜಕ್ಕೂ ನೋವಾಯಿತು. ನನ್ನ ಬದುಕಿನಲ್ಲಿ ಬಿಗು ಬೇಕಾದಷ್ಟಿದೆ. ಅದು ನನ್ನೊಳಗಿನ ಆಸೆ ಮತ್ತು ವ್ರತದ ಜಗಳ ಅಲ್ಲ, ಅಷ್ಟೇ. ನಾನು ತುಂಬಾ ಪ್ರೀತಿಸುವ ಒಬ್ಬರಿಗೆ ಇದನ್ನು ಹೇಗೆ ಹೇಳಲಿ, ಹೇಳಿದ ಮೇಲೆ ಅವರು ಇರುತ್ತಾರಾ ಹೋಗುತ್ತಾರಾ, ಇದಕ್ಕಿಂತ ಬಿಗು ಬೇಕಾ?

'ಡಾಕ್ಟರ್ ಹೂ' ಮಾತು ಬಂತಲ್ಲ. ಅದರ ನಾಯಕ ಡಾಕ್ಟರ್, ಕಾಲದಲ್ಲಿ ಹಿಂದೆ ಮುಂದೆ ಪ್ರಯಾಣ ಮಾಡುವ ಅನ್ಯಗ್ರಹದವನು. 1963ರಲ್ಲಿ ಶುರುವಾದಾಗ ಅವನೊಬ್ಬ ಅಜ್ಜ, ಜೊತೆಗೆ ಮೊಮ್ಮಗಳು ಸೂಸನ್. 1989ರವರೆಗೆ, ಅಂದರೆ 26 ವರ್ಷ, ಅವನಿಗೆ ಪ್ರಣಯ ಅಂತ ಹೆಚ್ಚುಕಮ್ಮಿ ಇರಲೇ ಇಲ್ಲ. 1964ರ 'ದಿ ಆಜ್ಟೆಕ್ಸ್' ಕಥೆಯಲ್ಲಿ ಗೊತ್ತಿಲ್ಲದೆ ಒಬ್ಬರ ಜೊತೆ ಕೋಕೋ ಕುಡಿದು ನಿಶ್ಚಿತಾರ್ಥ ಆಗಿಬಿಡುತ್ತದೆ, ಅದೊಂದು ಮುದ್ದಾದ ಪ್ರಸಂಗ. 80ರ ದಶಕದ ನಿರ್ಮಾಪಕ ಜಾನ್ ನೇಥನ್-ಟರ್ನರ್ ಅಂತೂ ಡಾಕ್ಟರ್‌ನ ನೌಕೆಯೊಳಗೆ ಅಂಥದ್ದೇನೂ ನಡೆಯಬಾರದು ಅಂತ ಖಡಾಖಂಡಿತವಾಗಿ ಹೇಳಿದ್ದರು. ಮಕ್ಕಳೂ ನೋಡುತ್ತಾರೆ ಅನ್ನೋ ಕಾಳಜಿ ಅದು, ನಮ್ಮನ್ನು ನೆನೆದು ಮಾಡಿದ್ದೇನಲ್ಲ. ಆದರೆ ಫಲ ಏನಾಯಿತು ಅಂದರೆ, ಒಂದು ತಲೆಮಾರಿನ ಏಸ್ ಮಕ್ಕಳಿಗೆ ಒಬ್ಬ ನಾಯಕ ಸಿಕ್ಕಿದ. ಕುತೂಹಲ ಇದೆ, ಕರುಣೆ ಇದೆ, ಜೊತೆಗಾರರ ಮೇಲೆ ಜೀವ ಇದೆ, ಯಾರನ್ನೂ ಆ ಕಣ್ಣಿನಲ್ಲಿ ನೋಡೋದಿಲ್ಲ. 1996ರ ಟಿವಿ ಸಿನಿಮಾದಲ್ಲಿ ಡಾಕ್ಟರ್ ಗ್ರೇಸ್‌ಗೆ ಮುತ್ತು ಕೊಟ್ಟಾಗ ಗಲಾಟೆ ಎದ್ದಿದ್ದು ಸುಮ್ನೆ ಅಲ್ಲ. 2005ರಲ್ಲಿ ಸರಣಿ ಮತ್ತೆ ಬಂದ ಮೇಲೆ ರೋಸ್ ಬಂದಳು, ರಿವರ್ ಸಾಂಗ್ ಬಂದಳು. ಅವು ಒಳ್ಳೆಯ ಕಥೆಗಳು, ನಾನೂ ಅತ್ತಿದ್ದೇನೆ. ಆದರೂ ಒಂದು ಮಾತು. ಹಳೆಯ ಡಾಕ್ಟರ್ ನಮಗೆ ಸಿಕ್ಕಿದ್ದು ಯಾರೂ ಏನೂ ಹೇಳದೇ ಇದ್ದುದರಿಂದ. ಹೇಳದೇ ಸಿಕ್ಕಿದ್ದನ್ನು ವಾಪಸ್ ತಗೊಳ್ಳುವಾಗಲೂ ಯಾರೂ ಹೇಳಬೇಕಾಗಿಲ್ಲ ನೋಡಿ.

ಆಮೇಲೆ ಅನ್ಯಗ್ರಹದವರು. 'ಮಾಸ್ ಇಫೆಕ್ಟ್' ವಿಡಿಯೋ ಗೇಮ್‌ಗಳ ವಿಜ್ಞಾನಿ ಮಾರ್ಡಿನ್ ಸೋಲಸ್ ನನಗೆ ಪ್ರಾಣ. ಅವನು ಸಲೇರಿಯನ್, ಆ ಜನಾಂಗಕ್ಕೇ ಕಾಮಾಸಕ್ತಿ ಇಲ್ಲ, ಮೊಟ್ಟೆ ಇಡುತ್ತಾರೆ, ಸಂತಾನ ಅನ್ನೋದು ಕುಟುಂಬಗಳ ನಡುವಿನ ಒಪ್ಪಂದ. ಅಮೀಬಾ ನೆನಪಾಯಿತಾ? ಇಡೀ ಜನಾಂಗವೇ ಹಾಗೆ ಅಂದುಬಿಟ್ಟರೆ ಅದು ಒಬ್ಬನ ಸ್ವಭಾವ ಆಗೋದಿಲ್ಲ, ಜೀವಶಾಸ್ತ್ರ ಆಗುತ್ತದೆ. ಆದರೂ ಮಾರ್ಡಿನ್‌ನನ್ನು ನಾನು ಬಿಟ್ಟುಕೊಡೋದಿಲ್ಲ. ಕ್ರೋಗನ್ ಅನ್ನೋ ಜನರಿಗೆ ಮಕ್ಕಳೇ ಉಳಿಯದ ಹಾಗೆ ಮಾಡಿದ ರೋಗವನ್ನು ತಿದ್ದಿ ಗಟ್ಟಿ ಮಾಡಿದವರಲ್ಲಿ ಅವನೂ ಒಬ್ಬ. 2012ರಲ್ಲಿ ಬಂದ ಮೂರನೇ ಗೇಮ್‌ನಲ್ಲಿ ಅದೇ ರೋಗಕ್ಕೆ ಮದ್ದು ಹರಡೋಕೆ ಅವನು ಗೋಪುರ ಹತ್ತುತ್ತಾನೆ, ಆಟಗಾರರು ತಡೆಯದಿದ್ದರೆ ಹಾಡು ಗುನುಗುತ್ತಾ ಪ್ರಾಣ ಬಿಡುತ್ತಾನೆ. ಸ್ವತಃ ಕಾಮವೂ ಬೇಡ, ಸಂಸಾರವೂ ಬೇಡ ಅನ್ನೋ ಒಬ್ಬ ಇನ್ನೊಬ್ಬರ ಮಕ್ಕಳಿಗಾಗಿ ಸಾಯುತ್ತಾನೆ. ನಮ್ಮನ್ನು 'ತಣ್ಣಗಿರುವವರು' ಅನ್ನೋವರಿಗೆ ನಾನು ಆ ದೃಶ್ಯ ತೋರಿಸುತ್ತೇನೆ.

ಈಗ ನನಗೆ ಅತ್ಯಂತ ಖುಷಿ ಕೊಡುವ ಜಾಗಕ್ಕೆ ಬಂದೆ. 2019, 'ದಿ ಔಟರ್ ವರ್ಲ್ಡ್ಸ್' ಅನ್ನೋ ಗೇಮ್, ಮಾಡಿದವರು ಅಬ್ಸಿಡಿಯನ್. ಅದರಲ್ಲಿ ಪಾರ್ವತಿ ಹೋಲ್ಕೊಂಬ್ ಅಂತ ಒಬ್ಬ ಹುಡುಗಿ. ಮನುಷ್ಯಳು! ಎಡ್ಜ್‌ವಾಟರ್ ಅನ್ನೋ ಕಂಪನಿ ಊರಿನಲ್ಲಿ ಮೆಕ್ಯಾನಿಕ್. ನಾಚಿಕೆ ಸ್ವಭಾವ, ಯಂತ್ರದ ಮಾತು ಬಂದರೆ ಮಾತ್ರ ನಿಲ್ಲಿಸೋದೇ ಇಲ್ಲ. ನಮ್ಮ ನೌಕೆ ಹತ್ತುತ್ತಾಳೆ, ಗ್ರೌಂಡ್‌ಬ್ರೇಕರ್ ಅನ್ನೋ ನಿಲ್ದಾಣಕ್ಕೆ ಹೋದಾಗ ಅಲ್ಲಿಯ ಮುಖ್ಯ ಎಂಜಿನಿಯರ್ ಜುನ್ಲೇ ಟೆನಿಸನ್ ಮೇಲೆ ಮನಸ್ಸಾಗುತ್ತದೆ. ಆದರೆ ಹೆಜ್ಜೆ ಮುಂದೆ ಇಡೋಕೆ ಭಯ. ಒಂದು ದಿನ ನಮ್ಮ ಎದುರು ಕೂತು ಹೇಳಿಕೊಳ್ಳುತ್ತಾಳೆ: ತನಗೆ ದೈಹಿಕ ವಿಷಯದಲ್ಲಿ ಆಸಕ್ತಿ ಇಲ್ಲ, ಹಿಂದೆ ಜೊತೆಗಿದ್ದವರು ಇದಕ್ಕೇ ತನ್ನನ್ನು ತಣ್ಣನೆಯವಳು ಅಂದಿದ್ದರು, ಜುನ್ಲೇನೂ ಹಾಗೇ ಅಂದುಕೊಂಡರೆ?

ಆಗ ಪರದೆ ಮೇಲೆ ನಾವು ಕೊಡಬಹುದಾದ ಉತ್ತರಗಳು ಬರುತ್ತವೆ. ಅದರಲ್ಲಿ ಒಂದು, 'ನಾನೂ ಹಾಗೇ' ಅನ್ನೋದು.

ನಾನು ಅಲ್ಲಿ ಬಹಳ ಹೊತ್ತು ಏನೂ ಒತ್ತದೆ ಕೂತಿದ್ದೆ. ಅಲ್ಲಿಯವರೆಗೆ ನೂರಾರು ಕಥೆಗಳಲ್ಲಿ ನನ್ನನ್ನು ನಾನೇ ಹುಡುಕಿಕೊಂಡಿದ್ದೆ, ಯಂತ್ರದಲ್ಲಿ, ಹಲ್ಲಿಯಂಥ ವಿಜ್ಞಾನಿಯಲ್ಲಿ, ಅಜ್ಜನಲ್ಲಿ. ಒಂದು ಕಥೆ ತಾನಾಗಿ ನನ್ನ ಕಡೆ ತಿರುಗಿ 'ನೀನೂ ಹಾಗಾ' ಅಂತ ಕೇಳಿದ್ದು ಅದೇ ಮೊದಲು. ಪಾರ್ವತಿಯ ಬಹುಪಾಲು ಬರವಣಿಗೆ ಮಾಡಿದ ಕೇಟ್ ಡಾಲರ್‌ಹೈಡ್ ಸ್ವತಃ ಅಲೈಂಗಿಕರು. ಅದು ಗೊತ್ತಾಗುತ್ತದೆ. ಯಾಕೆ ಗೊತ್ತಾಗುತ್ತದೆ ಅಂದರೆ, ಆ ಕಥೆ ಪಾರ್ವತಿಯನ್ನು ಸರಿಮಾಡೋಕೆ ಹೊರಡೋದಿಲ್ಲ. ಅವಳ ಡೇಟ್‌ಗೆ ಬೇಕಾದ್ದನ್ನೆಲ್ಲ ತರೋಕೆ ನಮ್ಮನ್ನು ಗ್ರಹದಿಂದ ಗ್ರಹಕ್ಕೆ ಓಡಿಸುತ್ತದೆ. ಇನ್ನೊಂದು ವಿಷಯ ಗಮನಿಸಿ, ಆ ಗೇಮ್‌ನಲ್ಲಿ ಆಟಗಾರರಿಗೆ ಯಾರ ಜೊತೆಗೂ ಪ್ರಣಯ ಮಾಡುವ ಅವಕಾಶ ಇಲ್ಲ. ಹಾಗಾಗಿ ಇಡೀ ಕಥೆಯಲ್ಲಿ ನಾವು ಕೈಜೋಡಿಸಿ ಬೆಳೆಸುವ ಪ್ರೇಮಕಥೆ ಪಾರ್ವತಿಯದೇ. ಏಸ್ ಪಾತ್ರ ಹಾಕಿದರೆ ಪ್ರೇಮಕಥೆಗೆ ಜಾಗ ಇಲ್ಲ ಅನ್ನೋವರು ಇದನ್ನು ಆಡಿ ನೋಡಬೇಕು.

'ಸ್ಟಾರ್ ವಾರ್ಸ್'ಗೂ ಒಬ್ಬ ಬಂದ. 2021ರ 'ಇನ್‌ಟು ದಿ ಡಾರ್ಕ್' ಕಾದಂಬರಿಯ ಲಿಯಾಕ್ಸ್ ಗ್ಯಾಸಿ, ಬರೆದವರು ಕ್ಲಾಡಿಯಾ ಗ್ರೇ. ವೆಸೆಲ್ ಅನ್ನೋ ಸರಕು ನೌಕೆಯ ಪೈಲಟ್, ಯಾವುದಕ್ಕೂ ಗಡಿಬಿಡಿ ಮಾಡದ ಆರಾಮದ ಮನುಷ್ಯ, ನೋಡೋಕೆ ಬಂಡೆಯ ಹಾಗೇ ಇರುವ ಒಬ್ಬ ಜೊತೆಗಾರ ಬೇರೆ. ಅವನು ಏಸ್ ಅನ್ನೋದು ಕಥೆಯಲ್ಲಿ ದೊಡ್ಡ ಘಟನೆಯೇ ಅಲ್ಲ. ಸಂತೋಷ. ಆದರೆ ಸಿನಿಮಾ ಮಾತ್ರ ನೋಡುವ ಕೋಟ್ಯಂತರ ಜನಕ್ಕೆ ಲಿಯಾಕ್ಸ್ ಯಾರು ಅಂತ ಗೊತ್ತಿಲ್ಲ. ದೊಡ್ಡ ಫ್ರಾಂಚೈಸ್‌ಗಳಲ್ಲಿ ಹೀಗೇ ಆಗೋದು, ನಮ್ಮನ್ನು ಕಾದಂಬರಿಗೆ, ಕಾಮಿಕ್ಸ್‌ಗೆ, ಇಲ್ಲಾ ಬರಹಗಾರರು ಆಮೇಲೆ ಎಲ್ಲೋ ಹೇಳುವ ಒಂದು ಸಾಲಿಗೆ ಕಳಿಸುತ್ತಾರೆ. ಪರದೆ ಮೇಲೆ ಹೇಳಿ ಅಂತ ನಾನು ಕೇಳುತ್ತೇನೆ. 'ಏಸೆಕ್ಷುಯಲ್' ಅನ್ನೋ ಪದವೇ ಬೇಕಾಗಿಲ್ಲ, ದೂರದ ಗ್ಯಾಲಕ್ಸಿಯಲ್ಲಿ ಆ ಪದ ಇಲ್ಲದೇ ಇರಬಹುದು. ಪಾರ್ವತಿ ಹಾಗೆ ಎರಡು ನೇರ ವಾಕ್ಯ ಸಾಕು.

ಕೊನೆಯದಾಗಿ ಮರ್ಡರ್‌ಬಾಟ್. ಮಾರ್ಥಾ ವೆಲ್ಸ್ ಅವರ 'ಆಲ್ ಸಿಸ್ಟಮ್ಸ್ ರೆಡ್' 2017ರಲ್ಲಿ ಬಂತು, ಸೈನ್ಸ್ ಫಿಕ್ಷನ್‌ನ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಎರಡನ್ನೂ ಪಡೆಯಿತು, 2025ರಲ್ಲಿ ಟಿವಿ ಸರಣಿಯೂ ಆಯಿತು. ಮರ್ಡರ್‌ಬಾಟ್ ಅಂತ ತನ್ನನ್ನು ತಾನೇ ಕರೆದುಕೊಳ್ಳುವ, ಅರ್ಧ ಯಂತ್ರ, ಅರ್ಧ ಜೀವಕೋಶದ ಒಂದು ಕಾವಲು ಘಟಕದ ಕಥೆ. ತನ್ನನ್ನು ಹಿಡಿದಿಟ್ಟಿದ್ದ ಮಾಡ್ಯೂಲ್ ಅನ್ನು ಅದು ತಾನೇ ಹ್ಯಾಕ್ ಮಾಡಿಕೊಂಡು ಸ್ವತಂತ್ರ ಆಗಿದೆ. ಸ್ವಾತಂತ್ರ್ಯ ಸಿಕ್ಕಿದ ಮೇಲೆ ಅದು ಮಾಡೋದೇನು? ಧಾರಾವಾಹಿ ನೋಡೋದು. ಕಾಮದ ದೃಶ್ಯ ಬಂದರೆ ಮುಂದಕ್ಕೆ ಓಡಿಸಿಬಿಡುತ್ತದೆ.

'ಮತ್ತೆ ಯಂತ್ರವೇ ಬಂತಲ್ಲ, ಇಷ್ಟು ಹೊತ್ತು ಬೈದದ್ದು ಅದನ್ನೇ ತಾನೇ' ಅಂತ ನಿಮ್ಮಲ್ಲಿ ಯಾರಿಗಾದರೂ ಅನಿಸಿದ್ದರೆ ಅದು ಸರಿಯಾದ ಪ್ರಶ್ನೆ. ನಾನೂ ಅದೇ ಅನುಮಾನದಲ್ಲಿ ಪುಸ್ತಕ ತೆರೆದೆ. ಆದರೆ ಡೇಟಾಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಮರ್ಡರ್‌ಬಾಟ್‌ಗೆ ಮನುಷ್ಯನಾಗುವ ಆಸೆಯೇ ಇಲ್ಲ. ಆ ಸರ್ಟಿಫಿಕೇಟ್ ಬೇಕು ಅಂತ ಅದು ಅರ್ಜಿಯನ್ನೇ ಹಾಕಿಲ್ಲ. ಎರಡನೇ ಪುಸ್ತಕದಲ್ಲಿ ಅದು ಮನುಷ್ಯರ ಮಧ್ಯೆ ಗುರುತು ಸಿಗದ ಹಾಗೆ ಓಡಾಡಬೇಕಾಗುತ್ತದೆ. ಆರ್ಟ್ ಅಂತ ಅದು ಕರೆಯುವ ಒಂದು ಬುದ್ಧಿವಂತ ನೌಕೆ ಇದರ ಮೈಯನ್ನು ಸ್ವಲ್ಪ ಬದಲಾಯಿಸಿ ಕೊಡುತ್ತದೆ. ಲೈಂಗಿಕ ಅಂಗವನ್ನೂ ಸೇರಿಸುವ ಒಂದು ಯೋಜನೆ ಆರ್ಟ್ ಹತ್ತಿರ ಇರುತ್ತದೆ. ಸಾಧ್ಯವೇ ಇಲ್ಲ ಅನ್ನುತ್ತದೆ ಮರ್ಡರ್‌ಬಾಟ್. ಮಾತು ಅಲ್ಲಿಗೆ ಮುಗಿಯಿತು. ಆರ್ಟ್ ವಾದ ಮಾಡೋದಿಲ್ಲ, ಯಾಕೆ ಅಂತ ಪಾಠ ಮಾಡೋದಿಲ್ಲ, ಕಥೆ ಮುಂದೆ ಹೋಗುತ್ತದೆ.

ಅದೇ ಪುಸ್ತಕದಲ್ಲಿ ಇವೆರಡೂ ಪ್ರಯಾಣದುದ್ದಕ್ಕೂ ಜೊತೆಯಾಗಿ ಧಾರಾವಾಹಿ ನೋಡುತ್ತವೆ. ಆರ್ಟ್‌ಗೆ ತನ್ನ ಸಿಬ್ಬಂದಿ ಅಂದರೆ ಜೀವ, ಹಾಗಾಗಿ ಅಂತರಿಕ್ಷ ನೌಕೆಯ ಕಥೆಯಲ್ಲಿ ಯಾರಾದರೂ ಸತ್ತರೆ ಅದಕ್ಕೆ ತಡೆಯೋಕಾಗಲ್ಲ. ಒಮ್ಮೆ ಹಾಗೆ ಆದಾಗ ಮರ್ಡರ್‌ಬಾಟ್ ಧಾರಾವಾಹಿ ನಿಲ್ಲಿಸಿ, ಆರ್ಟ್ ಸುಧಾರಿಸಿಕೊಳ್ಳುವವರೆಗೆ ಕೆಲವು ನಿಮಿಷ ಸುಮ್ಮನೆ ಕಾಯುತ್ತದೆ. ಆಮೇಲೆ ಎರಡೂ ಮುಂದಿನ ಭಾಗ ನೋಡುತ್ತವೆ.